ಸೇಬಿನ ಟಾರ್ಟ್ ಮತ್ತು ಅದರ ಪಾತ್ರೆ

ಇತಿಹಾಸವೆಂದರೆ ರಾಜರ ಯುದ್ಧಗಳಷ್ಟೇ ಅಲ್ಲ, ಅಡುಗೆಮನೆಯ ಪಾತ್ರೆಗಳಿಗೂ ಇತಿಹಾಸವಿದೆ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಈಚೆಗೆ ಮಗಳ ಮನೆಯಲ್ಲಿ ಸೇಬಿನ ಟಾರ್ಟಿಗೆ ಸಕ್ಕರೆ ಕರಗಿಸಲೆಂದು ಗಾಜಿನ ಪಾತ್ರೆಯನ್ನೇ ಉರಿಯ ಮೇಲಿಡಹೊರಟೆ. ಅವಳು ಓಡಿಬಂದು ತಡೆದಳು. ಪಾಠ ಹೇಳಿದವನೇ ಪಾಠ ಕಲಿಯಬೇಕಾಯಿತು.

ಸುಮಾರು 1390ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ರಿಚರ್ಡನ ಬಾಣಸಿಗರು ಸಂಕಲಿಸಿದ ‘ದಿ ಫಾರ್ಮ್ ಆಫ್ ಕ್ಯೂರಿ’ಯಲ್ಲಿ ಸೇಬು, ಅಂಜೂರ, ಒಣದ್ರಾಕ್ಷಿ, ಕೇಸರಿಗಳ ಟಾರ್ಟ್ ಇದೆ. ಅದನ್ನು ‘ಕಾಫಿನ್’ನಲ್ಲಿ ಬೇಯಿಸಬೇಕಂತೆ! ವಾಚಕರು ಬೆಚ್ಚಬೇಕಾಗಿಲ್ಲ, ಅಂದು ಆ ಪದಕ್ಕೆ ಪೆಟ್ಟಿಗೆ ಎಂಬ ಅರ್ಥವಿತ್ತು. ಹಿಟ್ಟಿನ ಗೋಡೆಯೇ ಆಗ ಪಾತ್ರೆ.

19ನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಲಾಮೊತ್-ಬ್ಯೂವ್ರೋನಿನಲ್ಲಿ ಹೋಟೆಲು ನಡೆಸುತ್ತಿದ್ದ ತತಾಂ ಸೋದರಿಯರ ಹೆಸರಿನ ಟಾರ್ಟ್ ತಲೆಕೆಳಗಾದದ್ದು. ಬೆಣ್ಣೆ, ಸಕ್ಕರೆ, ಸೇಬುಗಳನ್ನು ಉರಿಯ ಮೇಲೆ ಕೆಂಪಗಾಗಿಸಿ, ಮೇಲೆ ಹಿಟ್ಟು ಹೊದಿಸಿ, ಓವನ್ನಿನಲ್ಲಿ ಬೇಯಿಸಿ ಮಗುಚುತ್ತಾರೆ. ಉರಿಗೂ ಓವನ್ನಿಗೂ ಒಗ್ಗುವ, ತವರದ ಲೇಪವುಳ್ಳ ತಾಮ್ರದ ಪಾತ್ರೆ ಇದಕ್ಕೆ ರೂಢಿ. ಸೇಬಿನ ಹುಳಿ ಬರಿಯ ತಾಮ್ರಕ್ಕೆ ತಾಗಬಾರದು. ನಮ್ಮ ಬೀದಿಗೆ ಬರುತ್ತಿದ್ದ ಕಲಾಯಿಯವನು ಮಾಡುತ್ತಿದ್ದುದೂ ಇದನ್ನೇ. ಆದರೆ ತವರ 232 ಡಿಗ್ರಿ ಸೆಲ್ಸಿಯಸ್‌ಗೆ ಕರಗುವುದರಿಂದ ಬರಿದಾದ ಪಾತ್ರೆಯನ್ನು ಉರಿಯ ಮೇಲೆ ಬಿಡಬಾರದು.

1915ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಪೈರೆಕ್ಸ್ ಗಾಜಿನ ಪಾತ್ರೆಗಳನ್ನು ಮಾರುಕಟ್ಟೆಗೆ ತಂದಿತು. ತಳ ಕೆಂಪಗಾಯಿತೇ ಎಂದು ಹೊರಗಿನಿಂದಲೇ ನೋಡಬಹುದು. ಆದರೆ ಇಂಥ ಪಾತ್ರೆ ಓವನ್ನಿಗಾಗಿ, ನೇರ ಉರಿಗಲ್ಲ.

ಆದ್ದರಿಂದ, ಮಗುಚುವ ಟಾರ್ಟಿಗೆ ದಪ್ಪ ಲೋಹದ ಬಾಣಲೆ. ಸಾಮಾನ್ಯ ಟಾರ್ಟಿಗೆ ಶಾಖ ಬೇಗ ಹರಿದು ತಳ ಗರಿಗರಿಯಾಗಿಸುವ ತೆಳು ಲೋಹದ ತಟ್ಟೆ. ಆ ದಿನ ನಾವು ಕಬ್ಬಿಣದ ಬಾಣಲೆಯನ್ನೇ ಹಿಡಿದೆವು. ಟಾರ್ಟ್ ಚೆನ್ನಾಗಿಯೇ ಬಂದಿತು.