ಅಲ್ಲಿ ಅಂಗಡಿಯಲ್ಲಿ ಸಿಗುತ್ತೆ, ಇಲ್ಲಿ ಜೈಲಿಗೆ ದಾರಿ: ಗಾಂಜಾ ವೇಪ್‌ನ ‘ಅಟೊಮೈಜರ್’ ಬಗ್ಗೆ ನಿಮಗೆ ಗೊತ್ತಿರಲಿ

ಪೆನ್ನಿನ ಆಕಾರದ ಬ್ಯಾಟರಿ, ಅದರ ಮೇಲೆ ಬೆರಳ ತುದಿಯಷ್ಟು ದೊಡ್ಡ ಬಟ್ಟಲು. ಕೆನಡಾದ ಟೊರೊಂಟೊ, ಅಮೆರಿಕದ ಡೆನ್ವರ್‌ನಂಥ ಊರುಗಳಿಗೆ ಓದೋಕೆ, ಕೆಲಸಕ್ಕೆ ಹೋದ ನಮ್ಮ ಜಿಲ್ಲೆಯ ಮಕ್ಕಳ ಕಣ್ಣಿಗೆ ಇದು ಅಂಗಡಿಯಲ್ಲೇ ಬೀಳುತ್ತೆ. ಗಾಂಜಾ ಸಾರವನ್ನು ಆವಿ ಮಾಡಿ ಸೇದುವ ಈ ಸಾಧನದ ಹೆಸರು ವೇಪರೈಸರ್. ಅದರಲ್ಲಿ ಬಿಸಿಯಾಗುವ ಭಾಗವೇ ಅಟೊಮೈಜರ್. ಅಲ್ಲಿ ಇದನ್ನು ಕೊಳ್ಳುವವರು ಏನು ನೋಡ್ಬೇಕು, ಊರಿಗೆ ಬರುವಾಗ ಯಾಕೆ ಬ್ಯಾಗಿಗೆ ಹಾಕಲೇಬಾರದು ಅನ್ನೋ ಮಾಹಿತಿ ಇಲ್ಲಿದೆ.

ಗಾಂಜಾ ಸಾರ ಅಂದ್ರೇನು?

ಗಾಂಜಾ ಹೂವಿನ ಅಂಟನ್ನು ಬೇರ್ಪಡಿಸಿ ತೆಗೆದದ್ದೇ ಸಾರ. ಎಣ್ಣೆ, ಮೇಣದಂಥ ವ್ಯಾಕ್ಸ್, ಗಾಜಿನ ಚೂರಿನಂಥ ಶಾಟರ್, ಒತ್ತಿ ತೆಗೆದ ರೋಸಿನ್ ಹೀಗೆ ಹಲವು ರೂಪದಲ್ಲಿ ಸಿಗುತ್ತೆ. ಅಮಲು ತರುವ ಟಿಎಚ್‌ಸಿ ಅಂಶ ಹೂವಿನಲ್ಲಿ ಸಾಮಾನ್ಯವಾಗಿ ಶೇ 15ರಿಂದ 25 ಇದ್ದರೆ ಸಾರದಲ್ಲಿ ಶೇ 60ರಿಂದ 90ರವರೆಗೂ ಇರುತ್ತೆ. ಹಾಗಾಗಿ ಅಕ್ಕಿಕಾಳಿನಷ್ಟು ಪ್ರಮಾಣವೂ ಹೊಸಬರಿಗೆ ಜಾಸ್ತಿಯಾಗಬಹುದು.

ಕೆನಡಾದಲ್ಲಿ ಗಾಂಜಾ ಕಾನೂನುಬದ್ಧವಾಗಿದ್ದು 2018ರ ಅಕ್ಟೋಬರ್ 17ರಂದು. ಸಾರಕ್ಕೆ ಅನುಮತಿ ಸಿಕ್ಕಿದ್ದು ಅದಾಗಿ ಒಂದು ವರ್ಷದ ನಂತರ. ಅಲ್ಲಿನ ಬಹುತೇಕ ಪ್ರಾಂತ್ಯಗಳಲ್ಲಿ 19 ವರ್ಷ ತುಂಬಿರಬೇಕು. ಅಮೆರಿಕದಲ್ಲಿ ಕೆಲವು ರಾಜ್ಯಗಳು 21 ದಾಟಿದವರಿಗೆ ಬಿಟ್ಟಿದ್ದರೂ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅದು ಇವತ್ತಿಗೂ ನಿಷಿದ್ಧ.

ಅಟೊಮೈಜರ್‌ನಲ್ಲಿ ಎಷ್ಟು ವಿಧ?

* ಕಾರ್ಟ್ರಿಡ್ಜ್: ಎಣ್ಣೆ ತುಂಬಿಯೇ ಬರುತ್ತೆ. ‘510’ ಎಂಬ ಮರೆಯ ಬ್ಯಾಟರಿಗೆ ತಿರುಗಿಸಿ ಕೂರಿಸ್ತಾರೆ. ಗಟ್ಟಿ ವ್ಯಾಕ್ಸ್ ಇದಕ್ಕೆ ಆಗಲ್ಲ, ರಂಧ್ರ ಕಟ್ಟಿಕೊಳ್ಳುತ್ತೆ.
* ಕ್ವಾರ್ಟ್ಜ್ ಕಡ್ಡಿಗೆ ಸುತ್ತಿದ ಕಾಯಿಲ್: ಬೇಗ ಬಿಸಿಯಾಗುತ್ತೆ, ಆವಿ ಜಾಸ್ತಿ. ಆದರೆ ವ್ಯಾಕ್ಸ್ ನೇರ ತಂತಿಗೇ ತಗುಲಿ ಸುಡುತ್ತೆ.
* ಸೆರಾಮಿಕ್ ಬಟ್ಟಲು: ನಿಧಾನವಾಗಿ, ಒಂದೇ ಸಮನೆ ಬಿಸಿಯಾಗುತ್ತೆ. ಕೆಳಗೆ ಬಿದ್ದರೆ ಬಿರುಕು ಬಿಡುತ್ತೆ.
* ತಂತಿ ಹೊರಗೆ ಕಾಣದ ಕ್ವಾರ್ಟ್ಜ್ ಬಟ್ಟಲು: ಬಿಸಿ ಕೆಳಗಿನಿಂದ ಬರುತ್ತೆ, ಸಾರಕ್ಕೆ ಲೋಹ ತಾಗಲ್ಲ. ಒರೆಸೋದು ಸುಲಭ.

ಮುಖ್ಯವಾಗಿ ನೋಡಬೇಕಾದ್ದು ಮೂರು

ಒಂದು, ಶಾಖ. ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾರದಲ್ಲಿನ ಸುವಾಸನೆಯ ಅಂಶಗಳು ಹೆಚ್ಚು ಬಿಸಿಯಾದಷ್ಟೂ ಬೆಂಜೀನ್, ಮೆಥಾಕ್ರೊಲಿನ್‌ನಂಥ ವಿಷಕಾರಿ ರಾಸಾಯನಿಕ ಹೆಚ್ಚುತ್ತೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಶಾಖ ಕಡಿಮೆ ಮಾಡೋಕೆ ಬಾರದ ಸಾಧನ ಬೇಡವೇ ಬೇಡ. ಅಟೊಮೈಜರ್‌ನ ಓಮ್ ಎಷ್ಟು, ಬ್ಯಾಟರಿಗೆ ಹೊಂದುತ್ತಾ ಅಂತಲೂ ನೋಡ್ಬೇಕು. ಓಮ್ ಕಡಿಮೆಯಿದ್ದು ವೋಲ್ಟೇಜ್ ಜಾಸ್ತಿಯಿಟ್ಟರೆ ಸುಡೋದು ಖಂಡಿತ.

ಎರಡು, ಲೋಹ. ಅಗ್ಗದ ಸಾಧನದ ಬೆಸುಗೆ, ಲೇಪನದಿಂದ ಸೀಸದಂಥ ಲೋಹ ಎಣ್ಣೆಗೆ ಇಳಿಯಬಹುದು. ಕ್ಯಾಲಿಫೋರ್ನಿಯಾದಲ್ಲಿ 2018ರ ಕೊನೆಯಿಂದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸದ ಪರೀಕ್ಷೆ ಕಡ್ಡಾಯ.

ಮೂರು, ಎಲ್ಲಿಂದ ಕೊಂಡದ್ದು. ಅಮೆರಿಕದಲ್ಲಿ 2019ರಲ್ಲಿ ವೇಪ್ ಸೇದಿದವರ ಶ್ವಾಸಕೋಶ ಕೆಟ್ಟು, 2020ರ ಫೆಬ್ರುವರಿ ವೇಳೆಗೆ 2,807 ಪ್ರಕರಣ, 68 ಸಾವು ದಾಖಲಾದವು. ಗೆಳೆಯರು, ಕಳ್ಳ ಮಾರುಕಟ್ಟೆಯಿಂದ ಬಂದ ಟಿಎಚ್‌ಸಿ ಎಣ್ಣೆಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಮುಖ್ಯ ಕಾರಣ ಅಂತ ಗೊತ್ತಾಯಿತು. ಎಷ್ಟೇ ಒಳ್ಳೆ ಅಟೊಮೈಜರ್ ಇದ್ದರೂ ಒಳಗಿನ ಎಣ್ಣೆ ಕಲಬೆರಕೆಯಾದ್ರೆ ಉಪಯೋಗವಿಲ್ಲ. ಕೆನಡಾದಲ್ಲಿ ಕಾನೂನುಬದ್ಧ ಪೊಟ್ಟಣದ ಮೇಲೆ ಸರ್ಕಾರದ ಸುಂಕದ ಚೀಟಿ ಇರುತ್ತೆ.

ಇಷ್ಟೆಲ್ಲ ನೋಡಿ ಕೊಂಡ ಮಾತ್ರಕ್ಕೆ ಸಾಧನ ಸುರಕ್ಷಿತ ಅಂತಲ್ಲ. ಹೆಚ್ಚು ಟಿಎಚ್‌ಸಿ ಇರುವ ಪದಾರ್ಥದಿಂದ ಚಟ ಹತ್ತುವ, ಮಾನಸಿಕ ಕಾಯಿಲೆ ಕಾಣಿಸಿಕೊಳ್ಳುವ ಅಪಾಯ ಇದ್ದೇ ಇದೆ, ಹರೆಯದವರಲ್ಲಿ ಇನ್ನೂ ಜಾಸ್ತಿ.

ಊರಿಗೆ ಮಾತ್ರ ತರಲೇಬೇಡಿ

ಇಲ್ಲಿ ಕಾನೂನು ಎರಡು ಕಡೆಯಿಂದ ಹಿಡಿಯುತ್ತೆ. 2019ರ ಇ-ಸಿಗರೇಟ್ ನಿಷೇಧ ಕಾಯ್ದೆಯಡಿ ಇಂಥ ಸಾಧನದ ಆಮದು, ಮಾರಾಟ, ಸಾಗಾಟ ಅಪರಾಧ. ಮೊದಲ ಸಲವೇ ಒಂದು ವರ್ಷದವರೆಗೆ ಜೈಲು, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಒಳಗಿನ ಎಣ್ಣೆಗೆ 1985ರ ಎನ್‌ಡಿಪಿಎಸ್ ಕಾಯ್ದೆ ಅನ್ವಯ. ಇದು ಗಾಂಜಾ ಎಣ್ಣೆಯನ್ನು ‘ಚರಸ್’ ಅಂತಲೇ ಪರಿಗಣಿಸುತ್ತೆ. ಗಾಂಜಾಕ್ಕೆ ‘ಸಣ್ಣ ಪ್ರಮಾಣ’ದ ಮಿತಿ 1 ಕೆ.ಜಿ. ಇದ್ದರೆ ಚರಸ್‌ಗೆ ಬರೀ 100 ಗ್ರಾಂ. ಸಣ್ಣ ಪ್ರಮಾಣಕ್ಕೂ ಒಂದು ವರ್ಷದವರೆಗೆ ಕಠಿಣ ಜೈಲುಶಿಕ್ಷೆ, 10 ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ‘ಅಲ್ಲಿ ಬಿಲ್ ಕೊಟ್ಟೇ ತಂದಿದ್ದು’ ಅನ್ನೋ ಮಾತು ಇಲ್ಲಿ ನಡೆಯಲ್ಲ. ಅಷ್ಟೇ ಅಲ್ಲ, ಕೆನಡಾದ ಗಡಿ ದಾಟಿಸಿ ಗಾಂಜಾ ಒಯ್ಯೋದು ಅಲ್ಲಿಯೂ ಅಪರಾಧವೇ. ತಳದಲ್ಲಿ ಎಣ್ಣೆ ಅಂಟಿದ ಹಳೆ ಅಟೊಮೈಜರ್ ಇದ್ದರೂ ವಿಮಾನ ಹತ್ತೋ ಮೊದಲು ಅಲ್ಲೇ ಬಿಟ್ಟು ಬನ್ನಿ.

ಮನೆಯವರಿಗೆ ಒಂದು ಮಾತು

ಮಕ್ಕಳ ಬಳಿ ಇಂಥದ್ದು ಕಂಡರೆ ಮೊದಲು ಕೂರಿಸಿ ಮಾತಾಡಿ. ಚಟವಾಗಿದೆ ಅನ್ನಿಸಿದರೆ ಕೇಂದ್ರ ಸರ್ಕಾರದ ಶುಲ್ಕರಹಿತ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಕರೆ ಮಾಡಿ.