ಭಾವಶಬ್ದಗಳಿಲ್ಲದ ಕರುಣ: ಆಗೊಟಾ ಕ್ರಿಸ್ಟೋಫ್ ಅವರ ಕಾದಂಬರಿಯಲ್ಲಿ ಬಾಲನಿರೂಪಣೆ

ರಸವು ಸ್ವಶಬ್ದದಿಂದ ವಾಚ್ಯವಾಗತಕ್ಕುದಲ್ಲ, ವಿಭಾವಾನುಭಾವಗಳ ಮೂಲಕ ವ್ಯಂಗ್ಯವಾಗತಕ್ಕುದು ಎಂದು ಆನಂದವರ್ಧನನು ಪ್ರತಿಪಾದಿಸಿದನು. ಭಾವಗಳನ್ನು ಅವುಗಳ ಹೆಸರಿನಿಂದಲೇ ಹೇಳಿಬಿಡುವುದನ್ನು ಮಮ್ಮಟನು ರಸದೋಷಗಳಲ್ಲಿ ಎಣಿಸಿದನು. ಸಂಸ್ಕೃತ ಕಾವ್ಯಮೀಮಾಂಸೆಯ ಈ ಪರಂಪರೆಗೆ ಬಹುದೂರದಲ್ಲಿ ಹುಟ್ಟಿಯೂ ಅದರ ನಿಯಮವನ್ನು ಅತ್ಯಂತ ನಿಷ್ಠುರವಾಗಿ ಪಾಲಿಸಿದ ಗದ್ಯಕೃತಿಯೊಂದುಂಟು: ಆಗೊಟಾ ಕ್ರಿಸ್ಟೋಫ್ ಅವರು 1986ರಲ್ಲಿ ಫ್ರೆಂಚಿನಲ್ಲಿ ಪ್ರಕಟಿಸಿದ ‘ಲ ಗ್ರಾಂ ಕಾಯೆ’, ಅರ್ಥಾತ್ ‘ದೊಡ್ಡ ನೋಟುಪುಸ್ತಕ’.

1935ರಲ್ಲಿ ಹಂಗೆರಿಯ ಹಳ್ಳಿಯೊಂದರಲ್ಲಿ ಜನಿಸಿದ ಕ್ರಿಸ್ಟೋಫ್, 1956ರ ಕ್ರಾಂತಿಯು ದಮನಗೊಂಡ ಬಳಿಕ, ಪತಿಯೊಡನೆ ಹಸುಗೂಸನ್ನೆತ್ತಿಕೊಂಡು ಆಸ್ಟ್ರಿಯಾದ ಗಡಿಯನ್ನು ದಾಟಿ, ಸ್ವಿಟ್ಜರ್ಲೆಂಡಿನ ನೊಶಾಟೆಲ್ ನಗರದಲ್ಲಿ ನೆಲಸಿ, ಗಡಿಯಾರದ ಕಾರ್ಖಾನೆಯಲ್ಲಿ ದುಡಿಯುತ್ತ ಫ್ರೆಂಚನ್ನು ಕಲಿತರು. ತಾಯ್ನುಡಿಯನ್ನು ಕೊಲ್ಲುತ್ತಿರುವುದರಿಂದ ಫ್ರೆಂಚನ್ನು ಶತ್ರುಭಾಷೆಯೆಂದೇ ಕರೆದರು.

ಕಥೆಯನ್ನು ಹೇಳುವವರು ಅವಳಿ ಬಾಲಕರು. ಯುದ್ಧಕಾಲದಲ್ಲಿ ತಾಯಿಯು ಅವರನ್ನು ಗಡಿಯೂರಿನ ಅಜ್ಜಿಯ ಬಳಿ ಬಿಟ್ಟುಹೋಗುತ್ತಾಳೆ. ಗಂಡನಿಗೆ ವಿಷವಿಕ್ಕಿದವಳೆಂದು ಊರವರು ಆಡಿಕೊಳ್ಳುವ ಆ ಮುದುಕಿ ಜಿಪುಣಿ, ಕಟುಭಾಷಿ. ದೇಶಕ್ಕೆ ಹೆಸರಿಲ್ಲ, ಸೈನ್ಯಕ್ಕೆ ಹೆಸರಿಲ್ಲ, ಮಕ್ಕಳಿಗೂ ಹೆಸರಿಲ್ಲ. ಎಲ್ಲವನ್ನೂ ‘ನಾವು’ ಎಂಬ ಒಂದೇ ಸ್ವರವು ನುಡಿಯುತ್ತದೆ. ಈ ಬಾಲಕರು ಪ್ರಬಂಧಗಳನ್ನು ಬರೆದು ಪರಸ್ಪರ ತಿದ್ದುತ್ತಾರೆ. ಒಪ್ಪಿಗೆಯಾದುದು ಮಾತ್ರ ನೋಟುಪುಸ್ತಕಕ್ಕೆ ಸೇರುತ್ತದೆ. ಒಪ್ಪಿಗೆಗೆ ಒಂದೇ ಮಾನದಂಡ, ಸತ್ಯ. ಕಂಡುದನ್ನು, ಕೇಳಿದುದನ್ನು, ಮಾಡಿದುದನ್ನು ಬರೆಯಬೇಕು. ಪ್ರೀತಿ ಮೊದಲಾದ ಭಾವವಾಚಕಗಳು ಅಸ್ಪಷ್ಟವಾದುದರಿಂದ ವರ್ಜ್ಯ.

ಈ ನಿಯಮವನ್ನು ಕೇವಲ ಶೈಲೀತಂತ್ರವೆಂದು ಭಾವಿಸಿದರೆ ಕೃತಿಯ ಮರ್ಮ ಕೈತಪ್ಪುತ್ತದೆ. ಬಾಲಕರು ದೇಹವನ್ನು ಕಠಿಣಗೊಳಿಸಲು ಒಬ್ಬರನ್ನೊಬ್ಬರು ಹೊಡೆದುಕೊಳ್ಳುತ್ತಾರೆ. ಮನಸ್ಸನ್ನು ಕಠಿಣಗೊಳಿಸಲು ಊರವರ ಬೈಗಳನ್ನು ತಮ್ಮ ತಮ್ಮಲ್ಲಿಯೇ ಮತ್ತೆ ಮತ್ತೆ ಉಚ್ಚರಿಸಿಕೊಳ್ಳುತ್ತಾರೆ. ಆ ಬಳಿಕ, ಹೃದಯವನ್ನು ನಡುಗಿಸುವಂತೆ, ತಾಯಿಯ ಮುದ್ದಿನ ಮಾತುಗಳನ್ನೂ ಅವು ಅರ್ಥ ಕಳೆದುಕೊಳ್ಳುವವರೆಗೆ ಹಾಗೆಯೇ ಜಪಿಸುತ್ತಾರೆ. ಬರೆವಣಿಗೆಯ ನಿಯಮವೂ ಇದೇ ಸಾಧನೆಯ ಮುಂದುವರಿಕೆ. ಅದು ಗಾಯಗೊಂಡ ಮಕ್ಕಳು ತೊಟ್ಟ ಕವಚ. ಭಿಕ್ಷೆಯ ಅಭ್ಯಾಸದ ಪ್ರಕರಣದಲ್ಲಿ ಈ ಕವಚವು ಒಮ್ಮೆ ಬಿರಿಯುತ್ತದೆ: ದೊರೆತ ತಿನಿಸನ್ನೂ ಕಾಸನ್ನೂ ದಾರಿಯಲ್ಲಿ ಎಸೆದುಬಿಡುವ ಅವರು, ಹೆಂಗಸೊಬ್ಬಳು ತಲೆ ನೇವರಿಸಿದುದನ್ನು ಮಾತ್ರ ಎಸೆಯಲಾಗದೆಂದು ದಾಖಲಿಸುತ್ತಾರೆ. ಅಲ್ಲಿ ದುಃಖವೆಂಬ ಮಾತಿಲ್ಲ, ಹಂಬಲವೆಂಬ ಮಾತಿಲ್ಲ. ಕರುಣರಸವು ಇಷ್ಟು ಮಿತವಾದ ಸಾಮಗ್ರಿಯಿಂದ ಇಷ್ಟು ಪೂರ್ಣವಾಗಿ ನಿಷ್ಪನ್ನವಾದ ಸಂದರ್ಭಗಳು ಆಧುನಿಕ ಗದ್ಯದಲ್ಲಿ ವಿರಳವೆಂದೇ ನನ್ನ ಮತ.

ಈ ಬಾಲಕರು ನಿರ್ದಯರೆಂದು ತೀರ್ಪು ಕೊಡುವುದು ಸುಲಭ. ಬಂದಿಗಳಾಗಿ ಸಾಗುವ ಜನಸಮೂಹದಿಂದ ಚಾಚಿದ ಕೈಗೆ ರೊಟ್ಟಿಯನ್ನು ತೋರಿಸಿ, ಹಿಂತೆಗೆದು ತಾನೇ ತಿಂದ ಪಾದ್ರಿಯ ಮನೆಯ ದಾಸಿಯ ಮುಖವನ್ನು, ಒಲೆಯಲ್ಲಿ ಸಿಡಿದ ಮದ್ದು ವಿರೂಪಗೊಳಿಸುತ್ತದೆ. ಅದನ್ನಿಟ್ಟವರು ಯಾರೆಂಬುದನ್ನು ನೋಟುಪುಸ್ತಕವು ಹೇಳುವುದಿಲ್ಲ, ಓದುಗನಿಗೆ ಸಂಶಯವೂ ಉಳಿಯುವುದಿಲ್ಲ. ಮಾಡಿದುದನ್ನೆಲ್ಲ ಬರೆಯುವೆವೆಂದವರ ಈ ಮೌನವು, ಅವರ ಸತ್ಯವೂ ಆಯ್ದ ಸತ್ಯವೆಂಬುದನ್ನು ಸೂಚಿಸುತ್ತದೆ.

1988 ಮತ್ತು 1991ರಲ್ಲಿ ಬಂದ ಉತ್ತರಸಂಪುಟಗಳು ಈ ಸತ್ಯವನ್ನು ಬುಡಸಹಿತ ಅಲುಗಿಸುತ್ತವೆ. ಮೂರನೆಯ ಸಂಪುಟದ ಪ್ರಕಾರ ಮುದುಕಿಯ ಮನೆಯಲ್ಲಿ ಬೆಳೆದವನು ಒಬ್ಬನೇ ಬಾಲಕ. ಜೊತೆಗಿದ್ದ ಸಹೋದರನು ಅವನ ಏಕಾಂತದ ಕಲ್ಪನೆ. ಹಾಗಾದರೆ ಮೊದಲ ಸಂಪುಟದ ‘ನಾವು’ ಎಂಬುದೇ, ಎಲ್ಲ ಭಾವಶಬ್ದಗಳನ್ನೂ ಬಹಿಷ್ಕರಿಸಿದ ಆ ಮಗುವು ಬರೆಯದೆ ಬರೆದ ಒಂದೇ ಒಂದು ಭಾವಶಬ್ದ. ಉತ್ತರಸಂಪುಟಗಳ ಕಥಾಜಟಿಲತೆಯು ಕೆಲವೆಡೆ ಆಯಾಸಕರವಾದರೂ, ಈ ಒಂದು ಧ್ವನಿಗಾಗಿ ಮೂರನ್ನೂ ಕ್ರಮವಾಗಿ ಓದುವುದು ಅವಶ್ಯಕ.