‘8ಡಿ ಆಡಿಯೋ’ದಲ್ಲಿ ನಿಜಕ್ಕೂ ಎಂಟು ಆಯಾಮಗಳಿವೆಯೇ? ಎರಡು ಗಿಟಾರ್‌ಗಳ ಮೂಲಕ ತಿಳಿಯೋಣ

ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೇಳಿ. ಇದು ಎಂಟು ದಿಕ್ಕುಗಳಿಂದ ಬರುವ ‘8ಡಿ’ ಸಂಗೀತ. ಇದನ್ನು ಕೇಳುವುದು ಕಿವಿಯಲ್ಲ, ಮಿದುಳು. ಇಂಥದ್ದೊಂದು ಸಂದೇಶ ಆಡಿಯೋ ಫೈಲ್ ಸಮೇತ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಲವು ವರ್ಷಗಳಿಂದ ಸುತ್ತುತ್ತಿದೆ. ಕೆಲವೊಮ್ಮೆ ತಲೆನೋವಿಗೂ ಕಿವಿಯ ಮೊರೆತಕ್ಕೂ ಇದೇ ಮದ್ದು ಎಂಬ ಸಾಲೂ ಅದರಲ್ಲಿ ಸೇರಿಕೊಂಡಿರುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಇದರಲ್ಲಿ ಎಂಟು ಆಯಾಮಗಳಿಲ್ಲ, ಔಷಧವೂ ಇಲ್ಲ. ಇರುವುದು ಸ್ಟುಡಿಯೋಗಳಲ್ಲಿ ದಶಕಗಳಿಂದ ಬಳಕೆಯಲ್ಲಿರುವ ಎರಡು ಸಾಧನಗಳು: ಪ್ಯಾನಿಂಗ್ ಮತ್ತು ರಿವರ್ಬ್.

ದಿಕ್ಕು ನಮಗೆ ಹೇಗೆ ಗೊತ್ತಾಗುತ್ತದೆ?

ಬಲಗಡೆಯಿಂದ ಯಾರೋ ಕರೆದರೆ ಆ ಸದ್ದು ಮೊದಲು ಬಲಗಿವಿಗೆ ತಲುಪುತ್ತದೆ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಹಾಗಾಗಿ ಎರಡು ಕಿವಿಗಳ ನಡುವಿನ ಅಂತರ ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಜೊತೆಗೆ ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಸದ್ದು ತುಸು ಮೆಲ್ಲಗೆ ಕೇಳುತ್ತದೆ. ಈ ಎರಡು ವ್ಯತ್ಯಾಸಗಳನ್ನು ಲೆಕ್ಕ ಹಾಕಿ ಮಿದುಳು ದಿಕ್ಕನ್ನು ಊಹಿಸುತ್ತದೆ. ಅಂದರೆ, 8ಡಿ ಇರಲಿ, ಬೀದಿಯ ಹಾರ್ನ್ ಇರಲಿ, ಎಲ್ಲ ಸದ್ದನ್ನೂ ನಾವು ಕಿವಿಯ ಮೂಲಕ ಮಿದುಳಿನಿಂದಲೇ ಕೇಳುವುದು.

ಪ್ಯಾನಿಂಗ್ ಎಂದರೇನು?

ಸ್ಟೀರಿಯೋದಲ್ಲಿ ಎರಡೇ ಚಾನೆಲ್: ಎಡ ಮತ್ತು ಬಲ. ಬ್ರಿಟಿಷ್ ಎಂಜಿನಿಯರ್ ಅಲನ್ ಬ್ಲಮ್‌ಲೈನ್ ಇದರ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1931ರಲ್ಲಿ. ಒಂದು ವಾದ್ಯದ ಸದ್ದನ್ನು ಈ ಎರಡು ಚಾನೆಲ್‌ಗಳಿಗೆ ಹೆಚ್ಚು ಕಡಿಮೆ ಪ್ರಮಾಣದಲ್ಲಿ ಹಂಚುವುದೇ ಪ್ಯಾನಿಂಗ್. ಎಡಕ್ಕೆ ಹೆಚ್ಚು ಕೊಟ್ಟರೆ ವಾದ್ಯ ಎಡಗಡೆ ಕೂತಂತೆ, ಸಮನಾಗಿ ಕೊಟ್ಟರೆ ಎದುರಿಗೆ ಕೂತಂತೆ ಕೇಳುತ್ತದೆ.

ಎರಡು ಅಕೌಸ್ಟಿಕ್ ಗಿಟಾರ್‌ಗಳ ಜುಗಲ್‌ಬಂದಿಯಲ್ಲಿ ಇದರ ಬೆಲೆ ಚೆನ್ನಾಗಿ ತಿಳಿಯುತ್ತದೆ. ಎರಡರ ನಾದವೂ ಹೆಚ್ಚುಕಡಿಮೆ ಒಂದೇ ರೀತಿ. ಎರಡನ್ನೂ ನಡುವೆ ಇಟ್ಟರೆ ಒಂದು ಇನ್ನೊಂದನ್ನು ಮುಚ್ಚಿಬಿಡುತ್ತದೆ. ಯಾರು ಏನು ನುಡಿಸಿದರು ಎಂಬುದೇ ಗೊತ್ತಾಗುವುದಿಲ್ಲ. 1981ರಲ್ಲಿ ಬಂದ ‘ಫ್ರೈಡೇ ನೈಟ್ ಇನ್ ಸ್ಯಾನ್ ಫ್ರಾನ್ಸಿಸ್ಕೋ’ ಆಲ್ಬಂ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೊದಲ ಟ್ರ್ಯಾಕ್ ಇಬ್ಬರ ಜುಗಲ್‌ಬಂದಿ. ಪಾಕೊ ದೆ ಲೂಸಿಯಾ ಎಡ ಚಾನೆಲ್‌ನಲ್ಲಿ, ಆಲ್ ಡಿ ಮಿಯೋಲಾ ಬಲ ಚಾನೆಲ್‌ನಲ್ಲಿ. ಮೂವರೂ ನುಡಿಸುವಾಗ ಜಾನ್ ಮೆಕ್‌ಲಾಫ್ಲಿನ್ ನಡುವೆ. ಅಷ್ಟು ವೇಗದ ನುಡಿಸಾಣಿಕೆಯಲ್ಲೂ ಯಾರ ಸ್ವರ ಯಾವುದು ಎಂದು ಗುರುತಿಸಲು ಇದು ನೆರವಾಗುತ್ತದೆ.

ಹಾಗೆಂದು ಪ್ರತಿ ಸಲವೂ ವಾದ್ಯಗಳನ್ನು ತುದಿಗೆ ತಳ್ಳಬೇಕೆಂದಿಲ್ಲ. ಸ್ಪೀಕರ್‌ನಲ್ಲಿ ಎರಡೂ ಕಡೆಯ ಸದ್ದು ಎರಡೂ ಕಿವಿಗೆ ತಲುಪುತ್ತದೆ. ಹೆಡ್‌ಫೋನ್‌ನಲ್ಲಿ ಹಾಗಾಗುವುದಿಲ್ಲ. ಪೂರ್ತಿ ಎಡಕ್ಕೆ ತಳ್ಳಿದ ಗಿಟಾರ್ ಎಡಗಿವಿಗೆ ಮಾತ್ರ ಕೇಳುತ್ತದೆ. ಒಂದೇ ಇಯರ್‌ಬಡ್ ಹಾಕಿಕೊಂಡವರಿಗೆ ಒಬ್ಬ ಕಲಾವಿದನೇ ಮಾಯ. ಅದಕ್ಕೇ ಗಿಟಾರ್‌ಗಳನ್ನು ನಡುವಿನಿಂದ ಅರ್ಧ ಅಥವಾ ಮುಕ್ಕಾಲು ದೂರದಲ್ಲಿ ನಿಲ್ಲಿಸುವುದೂ ಉಂಟು.

ರಿವರ್ಬ್ ಏನು ಮಾಡುತ್ತದೆ?

ಖಾಲಿ ಕಲ್ಯಾಣಮಂಟಪದಲ್ಲಿ ಚಪ್ಪಾಳೆ ತಟ್ಟಿ ನೋಡಿ. ಸದ್ದು ಗೋಡೆಗಳಿಗೆ ಬಡಿದು ಬಡಿದು ಸ್ವಲ್ಪ ಹೊತ್ತು ಉಳಿಯುತ್ತದೆ. ಪರದೆ, ಹಾಸಿಗೆ ತುಂಬಿದ ಕೋಣೆಯಲ್ಲಿ ಅದು ಕೂಡಲೇ ಸಾಯುತ್ತದೆ. ಈ ಉಳಿಕೆಯ ನಾದವೇ ರಿವರ್ಬ್. ಅದು 60 ಡೆಸಿಬಲ್‌ನಷ್ಟು ಇಳಿಯಲು ಹಿಡಿಯುವ ಸಮಯವೇ ಅದರ ಅಳತೆ. ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ಸ್ಪಷ್ಟವಾಗಿ ಕೇಳದಿದ್ದಾಗ, 1895ರಲ್ಲಿ ವ್ಯಾಲೇಸ್ ಸೇಬಿನ್ ಈ ಅಧ್ಯಯನ ಆರಂಭಿಸಿದರು.

ಮಿಕ್ಸಿಂಗ್‌ನಲ್ಲಿ ಪ್ಯಾನಿಂಗ್ ಎಡವೋ ಬಲವೋ ಎಂದು ಹೇಳಿದರೆ, ರಿವರ್ಬ್ ಹತ್ತಿರವೋ ದೂರವೋ ಎಂದು ಹೇಳುತ್ತದೆ. ರಿವರ್ಬ್ ಹೆಚ್ಚಿದಷ್ಟೂ ವಾದ್ಯ ದೂರ ಸರಿದಂತೆ ಕೇಳುತ್ತದೆ. ಎರಡು ಗಿಟಾರ್‌ಗಳಿಗೂ ಒಂದೇ ರಿವರ್ಬ್ ಕೊಟ್ಟರೆ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಂತಿರುತ್ತದೆ. ಬೇರೆ ಬೇರೆ ಕೊಟ್ಟರೆ ಒಬ್ಬರು ಅಡುಗೆಮನೆಯಲ್ಲಿ, ಇನ್ನೊಬ್ಬರು ಗೋಳಗುಮ್ಮಟದಲ್ಲಿ ಕೂತು ನುಡಿಸಿದಂತಾಗುತ್ತದೆ. ವೇಗದ ನುಡಿಸಾಣಿಕೆಗೆ ಉದ್ದದ ರಿವರ್ಬ್ ಹಾಕಿದರೆ ಒಂದು ಸ್ವರ ಇನ್ನೊಂದರ ಮೇಲೆ ಬಿದ್ದು ಕಲಸಿಹೋಗುತ್ತದೆ. ನಿಧಾನದ ರಚನೆ ಅದನ್ನು ತಾಳಿಕೊಳ್ಳುತ್ತದೆ.

ಹಾಗಾದರೆ 8ಡಿ ಎಂದರೇನು?

ಆಗಲೇ ಮಿಕ್ಸ್ ಆಗಿ ಮುಗಿದ ಹಾಡನ್ನು ತೆಗೆದುಕೊಂಡು, ಇಡೀ ಹಾಡನ್ನು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಸತತವಾಗಿ ಓಡಾಡಿಸಿ, ಮೇಲೆ ರಿವರ್ಬ್ ಸುರಿಯುತ್ತಾರೆ. ಸಾಮಾನ್ಯವಾಗಿ ನಮಗೆ ಸಿಗುವ 8ಡಿ ಹಾಡು ಇಷ್ಟೇ. ಕೆಲವರು ಹೊರಕಿವಿಯ ಆಕಾರ ಸದ್ದನ್ನು ಬದಲಿಸುವ ರೀತಿಯನ್ನು ಅನುಕರಿಸುವ ಫಿಲ್ಟರ್‌ಗಳನ್ನೂ ಬಳಸುತ್ತಾರೆ. ಆ ತಂತ್ರ ನಿಜವಾದದ್ದೇ, ಆದರೆ ಅದಕ್ಕೂ ‘ಎಂಟು’ ಎಂಬ ಸಂಖ್ಯೆಗೂ ಸಂಬಂಧವಿಲ್ಲ. ಗಿಟಾರ್ ಜುಗಲ್‌ಬಂದಿಯನ್ನು ಹೀಗೆ ತಿರುಗಿಸಿದರೆ, ಇಬ್ಬರು ಕಲಾವಿದರಿಗೆ ಜತನದಿಂದ ಕೊಟ್ಟಿದ್ದ ಜಾಗಗಳೇ ಅಳಿಸಿಹೋಗುತ್ತವೆ.

ನೀವೇ ಪರೀಕ್ಷಿಸಿ

ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ‘ಮೋನೋ ಆಡಿಯೋ’ ಎಂಬ ಆಯ್ಕೆ ಇರುತ್ತದೆ. ಅದು ಎಡ, ಬಲ ಎರಡನ್ನೂ ಸೇರಿಸಿ ಎರಡೂ ಕಿವಿಗೆ ಒಂದೇ ಸದ್ದು ಕಳಿಸುತ್ತದೆ. ಅದನ್ನು ಆನ್ ಮಾಡಿ 8ಡಿ ಹಾಡು ಕೇಳಿ. ತಲೆಯ ಸುತ್ತ ತಿರುಗುತ್ತಿದ್ದ ಹಾಡು ನಡುವೆ ನಿಂತುಬಿಡುತ್ತದೆ. ರಿವರ್ಬ್ ಮಾತ್ರ ಉಳಿಯುತ್ತದೆ. ಅಂದಹಾಗೆ, ಮನೆಯಲ್ಲಿ ಒಂದೇ ಕಿವಿ ಕೇಳಿಸುವ ಹಿರಿಯರಿದ್ದರೆ ಅವರ ಫೋನ್‌ನಲ್ಲಿ ಇದನ್ನು ಆನ್ ಮಾಡಿಕೊಡಿ. ಆಗ ಯಾವ ಕಲಾವಿದನೂ ಅವರ ಪಾಲಿಗೆ ತಪ್ಪಿಹೋಗುವುದಿಲ್ಲ.

ಅಪಾಯ ಎಲ್ಲಿದೆ?

ಹಾಡು ಕೇಳಿ ಮನಸ್ಸು ಹಗುರವಾದರೆ ಸಂತೋಷ. ಆದರೆ ಅದನ್ನು ಚಿಕಿತ್ಸೆ ಎಂದು ನಂಬಿ ಕೂರುವುದು ತಪ್ಪು. 8ಡಿ ಹಾಡು ಒಂದು ಕಡೆ ಮಂದವಾಗಿ ಕೇಳಿದರೆ ಇಯರ್‌ಬಡ್‌ಗಳನ್ನು ಅದಲುಬದಲು ಮಾಡಿ ನೋಡಿ. ಮಂದತನ ಬಡ್ ಜೊತೆ ಇನ್ನೊಂದು ಕಿವಿಗೆ ಹೋದರೆ ದೋಷ ಬಡ್‌ನದ್ದು. ಅದೇ ಕಿವಿಯಲ್ಲೇ ಉಳಿದರೆ ಕಿವಿ ತೋರಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು ಪರಿಸ್ಥಿತಿ. ಚಿಕಿತ್ಸೆ ತಡವಾದಷ್ಟೂ ಕೇಳುವ ಶಕ್ತಿ ಮರಳುವ ಸಾಧ್ಯತೆ ಕುಗ್ಗುತ್ತದೆ. ಆ ದಿನವೇ ಇಎನ್‌ಟಿ ವೈದ್ಯರನ್ನು ಕಾಣಿ.

ವಾಲ್ಯೂಮ್ ಮೇಲೂ ಕಣ್ಣಿರಲಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ವಾರಕ್ಕೆ 40 ಗಂಟೆ, 80 ಡೆಸಿಬಲ್ ಸುರಕ್ಷಿತ ಮಿತಿ. ಸದ್ದು ಅದಕ್ಕಿಂತ ಹೆಚ್ಚಿದರೆ ಕೇಳುವ ಹೊತ್ತು ಕಡಿಮೆಯಾಗಬೇಕು.

ನಮ್ಮ ತೀರ್ಮಾನ: 8ಡಿ ಹಾಡು ಕಿವಿಗೊಂದು ಮೋಜು, ಅಷ್ಟೇ. ಇಷ್ಟವಾದರೆ ಹಾಡನ್ನು ಹಂಚಿಕೊಳ್ಳಿ. ಅದರ ಜೊತೆ ಬಂದ ‘ಮದ್ದು’ ಎಂಬ ಸಾಲನ್ನು ಅಳಿಸಿ ಕಳಿಸಿ.